ಎಳೆಯ ನಾಯಿಯ ಹೊಟ್ಟೆಯಲ್ಲಿ ನರದ ಗಡ್ಡೆ

ಮಾತು ಬಾರದ ಪ್ರಾಣಿಯ ಬೇನೆಯನ್ನು ಕಂಡುಹಿಡಿಯುವುದು ಮಾತು ಬಾರದ ಕೂಸಿನ ಬೇನೆಯನ್ನು ಕಂಡುಹಿಡಿಯುವಷ್ಟೇ ಕಷ್ಟವಾದುದು. ಕೂಸಾದರೂ ಅತ್ತು ತನ್ನ ಸಂಕಟವನ್ನು ಸಾರುವುದು. ನಾಯಿಯಾದರೋ ನೋವನ್ನು ಬಹುಮಟ್ಟಿಗೆ ಬಚ್ಚಿಟ್ಟುಕೊಂಡು ಮೂಲೆ ಹಿಡಿದು ಮಲಗುವುದು. ಅದರಲ್ಲಿಯೂ ಹೊಟ್ಟೆಯೊಳಗಣ ರೋಗವು ಕಣ್ಣಿಗೆ ಕಾಣದು, ಕೈಗೆ ಸುಲಭವಾಗಿ ಸಿಕ್ಕದು. ನಮ್ಮ ವಾಚಕರಲ್ಲಿ ಅನೇಕರು ಮನೆಯಲ್ಲಿ ನಾಯಿಯನ್ನು ಸಾಕಿಕೊಂಡಿರುವವರು. ಅವರಿಗೆ ಉಪಯೋಗವಾಗಲೆಂದು ಈ ಸಾರಿ ನಾವು ಬಹು ಅಪರೂಪವಾದ ಒಂದು ರೋಗದ ವಿಷಯವನ್ನು ಎತ್ತಿಕೊಂಡಿದ್ದೇವೆ. ಅಪರೂಪದ ರೋಗವನ್ನು ಕುರಿತು ಬರೆಯುವುದೇಕೆಂದು ಯಾರಾದರೂ ಕೇಳಬಹುದು. ಆ ರೋಗವನ್ನು ಗುರುತಿಸುವ ದಾರಿಯು ಸಾಮಾನ್ಯ ರೋಗಗಳ ಬಾಗಿಲುಗಳನ್ನೆಲ್ಲ ತಟ್ಟಿಕೊಂಡೇ ಹೋಗತಕ್ಕುದಾದುದರಿಂದ, ಈ ಒಂದನ್ನು ಅರಿತವರಿಗೆ ಉಳಿದ ಹತ್ತರಲ್ಲಿಯೂ ಹೇಗೆ ನಡೆದುಕೊಳ್ಳಬೇಕೆಂಬುದು ತಿಳಿಯುವುದು. ಇದೇ ನಮ್ಮ ಉತ್ತರ.

ಹತ್ತು ತಿಂಗಳ ನಾಯಿಯೊಂದಿದೆಯೆಂದು ಭಾವಿಸೋಣ. ಕೆಲವು ವಾರಗಳಿಂದ ಅದರ ಹೊಟ್ಟೆಯು ಉಬ್ಬುತ್ತ ಬಂದಿದೆ. ಬೆನ್ನಿನ ಮೇಲಣ ಮಾಂಸವು ಮಾತ್ರ ಕರಗುತ್ತ ಬಂದಿದೆ. ಅನ್ನವನ್ನು ಮೂಸಿ ನೋಡಿ ಬಿಟ್ಟುಬಿಡುವುದು, ಒಮ್ಮೊಮ್ಮೆ ಕಾರಿಕೊಳ್ಳುವುದು, ಗೇಟಿನ ಸದ್ದಾದರೆ ಮೊದಲಿನಂತೆ ಎದ್ದು ಓಡದು. ನೆರೆಹೊರೆಯವರೆಲ್ಲರೂ ‘ಜಂತುಹುಳು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವರು. ಬಹಳ ಸಲ ಆ ಮಾತು ನಿಜವೂ ಆಗಿರುವುದು. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗಳಿಗೆ ದುಂಡುಹುಳುಗಳು ಸೇರುವುದುಂಟು. ಹುಳುವಿನ ಔಷಧವನ್ನು ಸರಿಯಾಗಿ ಕೊಟ್ಟರೆ ಹೊಟ್ಟೆಯು ಇಳಿದು ಮರಿಯು ಚೇತರಿಸಿಕೊಳ್ಳುವುದು. ಆದರೆ ಔಷಧವನ್ನು ಕೊಟ್ಟ ಮೇಲೆಯೂ ಹೊಟ್ಟೆಯು ಇಳಿಯದೆ ಬೆಳೆಯುತ್ತಲೇ ಹೋದರೆ, ಅದೇ ಔಷಧವನ್ನು ಮತ್ತೊಮ್ಮೆ, ಮಗುದೊಮ್ಮೆ ಕೊಡುತ್ತ ಕಾಲಹರಣ ಮಾಡುವುದು ಸಲ್ಲದು. ‘ಇಷ್ಟು ಚಿಕ್ಕ ನಾಯಿಗೆ ಗಡ್ಡೆ ಎಲ್ಲಿಂದ ಬರಬೇಕು’ ಎಂಬ ನಂಬಿಕೆಯೇ ಆಗ ರೋಗಕ್ಕೆ ಮರೆಯಾಗಿ ನಿಲ್ಲುವುದು. ಗಡ್ಡೆಗಳು ಮುದಿ ನಾಯಿಗಳಲ್ಲಿಯೇ ಹೆಚ್ಚೆಂಬುದು ದಿಟ. ಎಳೆಯವಕ್ಕೆ ಬಾರವೆಂಬುದು ದಿಟವಲ್ಲ.

ಹೊಟ್ಟೆಯಲ್ಲಿ ನರಗಳಿರುವ ಬಗೆ

ಮೊದಲು ‘ನರ’ ಎಂಬ ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆಡುಮಾತಿನಲ್ಲಿ ರಕ್ತನಾಳವನ್ನೂ ನರವೆಂದು ಕರೆಯುವ ರೂಢಿಯುಂಟು. ಇಲ್ಲಿ ನಾವು ಹೇಳುವ ನರಗಳಾದರೋ ಜ್ಞಾನತಂತುಗಳು. ಮಿದುಳು, ಬೆನ್ನುಹುರಿ, ಅವುಗಳಿಂದ ಅಂಗಾಂಗಗಳಿಗೆ ಹೋಗುವ ತಂತುಗಳು, ಇವಿಷ್ಟೇ ನರಮಂಡಲವೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಇವುಗಳಲ್ಲದೆ, ಇಚ್ಛೆಯ ಅಪ್ಪಣೆಯನ್ನು ಕಾಯದೆ ತಾವಾಗಿಯೇ ಕೆಲಸಮಾಡುವ ನರಗಳ ಮತ್ತೊಂದು ಏರ್ಪಾಡು ಪ್ರಾಣಿಯ ಒಡಲಿನಲ್ಲಿ ಇರುವುದು. ಬೆನ್ನೆಲುಬಿನ ಇಕ್ಕೆಲಗಳಲ್ಲಿಯೂ ಮಣಿಸರದಂತೆ ನರದ ಗಂಟುಗಳ ಸಾಲು ಹರಿದಿರುವುದು. ಜಠರದ ಹಿಂದೆ, ದೊಡ್ಡ ಧಮನಿಯ ಬಳಿಯಲ್ಲಿ, ಅಂತಹ ಗಂಟುಗಳದೇ ಒಂದು ದೊಡ್ಡ ಜಾಲವಿರುವುದು. ಎರಡು ಮೂತ್ರಪಿಂಡಗಳ ಪಕ್ಕದಲ್ಲಿ ಒಂದೊಂದು ಅಡ್ರಿನಲ್ ಗ್ರಂಥಿಯಿರುವುದು. ನಾಯಿಯ ಎಡಗಡೆಯ ಗ್ರಂಥಿಯು ನಡು ಸಣ್ಣದಾದ ಕಡಲೆಕಾಯಿಯ ಆಕಾರದಲ್ಲಿ ಕಾಣುವುದು. ಈ ಗ್ರಂಥಿಯ ತಿರುಳು ನರದ ಜಾತಿಗೇ ಸೇರಿದುದು. ಹೆದರಿಕೆಯಾದಾಗ ಎದೆಯು ಡವಗುಟ್ಟುವಂತೆ ಮಾಡುವ ರಸವು ಅಲ್ಲಿಂದಲೇ ರಕ್ತಕ್ಕೆ ಇಳಿಯುವುದು.

ಇನ್ನು ಕರುಳಿನ ಗೋಡೆಯೊಳಗೇ ಮೀನುಬಲೆಯಂತೆ ನರಗಳು ಹೆಣೆದುಕೊಂಡಿವೆ. ಜರ್ಮನಿಯ ಮೈಸ್ನರ್ ಎಂಬ ವಿದ್ವಾಂಸನು 1857ರಲ್ಲಿ ಒಳಪದರದ ಬಲೆಯನ್ನೂ, ಔಎರ್‌ಬಾಖ್ ಎಂಬಾತನು 1860ರ ದಶಕದಲ್ಲಿ ಸ್ನಾಯುಪದರಗಳ ನಡುವಣ ಬಲೆಯನ್ನೂ ವರ್ಣಿಸಿದರು. ತಿಂದ ಆಹಾರವು ಮುಂದುಮುಂದಕ್ಕೆ ಸಾಗುವುದು ಈ ಬಲೆಗಳ ದೆಸೆಯಿಂದ. ನಾವು ಈ ಲೇಖನದಲ್ಲಿ ಹೇಳಹೊರಟಿರುವ ಗಡ್ಡೆಗಳು ಹುಟ್ಟುವುದು ಮೇಲ್ಕಂಡ ಎಡೆಗಳಲ್ಲಿಯೇ.

ಗಡ್ಡೆಯು ಹುಟ್ಟುವ ಬಗೆ

ಎಳೆಯ ಪ್ರಾಣಿಗೆ ಇಂತಹ ಗಡ್ಡೆಯು ಬರುವುದು ಹೇಗೆಂಬುದನ್ನು ತಿಳಿಯಬೇಕಾದರೆ ಗರ್ಭದ ದಿನಗಳಿಗೆ ಹೋಗಬೇಕು. 1868ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬಾತನು ಮೊಟ್ಟೆಯೊಳಗಣ ಕೋಳಿಯ ಪಿಂಡವನ್ನು ಪರೀಕ್ಷಿಸುತ್ತಿರುವಾಗ, ಮುಂದೆ ಬೆನ್ನುಹುರಿಯಾಗತಕ್ಕ ಭಾಗದ ಅಂಚಿನಲ್ಲಿ ಜೀವಕಣಗಳ ಒಂದು ಪಟ್ಟಿಯನ್ನು ಕಂಡನು. ಕಶೇರುಕ ಪ್ರಾಣಿಗಳೆಲ್ಲಕ್ಕೂ ಈ ಪಟ್ಟಿಯುಂಟೆಂದು ಆಮೇಲೆ ತಿಳಿದುಬಂದಿತು. ಈ ಕಣಗಳು ಹುಟ್ಟಿದೆಡೆಯಲ್ಲಿ ನಿಲ್ಲದೆ, ಪಿಂಡದೊಳಗೆ ದೂರದೂರ ಸಂಚರಿಸಿ, ಕೆಲವು ಬೆನ್ನಿನ ಬದಿಯ ನರದ ಗಂಟುಗಳಾಗಿಯೂ, ಕೆಲವು ಅಡ್ರಿನಲ್ ಗ್ರಂಥಿಯ ತಿರುಳಾಗಿಯೂ, ಕೆಲವು ಕರುಳಿನ ನರಬಲೆಯಾಗಿಯೂ ಬಲಿಯುವುವು. ಹೀಗೆ ಪಯಣಿಸುವ ಕಣಗಳಲ್ಲಿ ಕೆಲವು ಬಲಿಯುವುದನ್ನು ಮರೆತು, ಎಳೆತನದಲ್ಲಿಯೇ ಉಳಿದು, ಇಬ್ಭಾಗವಾಗಿ ಬೆಳೆಯುವುದನ್ನು ಮಾತ್ರ ಬಿಡದೆ ಮುಂದುವರಿಸಿದರೆ ಗಡ್ಡೆಯಾಗುವುದು. ಆದುದರಿಂದಲೇ ಈ ಜಾತಿಯ ಗಡ್ಡೆಗಳು ಎಳೆಯ ವಯಸ್ಸಿನಲ್ಲಿಯೂ ಕಾಣಿಸಿಕೊಳ್ಳುವುದು.

ಮಾವಿನ ಮರವನ್ನು ಬಲ್ಲ ನಮ್ಮ ವಾಚಕರಿಗೆ ಈ ಗಡ್ಡೆಗಳ ಭೇದವನ್ನು ತಿಳಿಸುವುದು ಕಷ್ಟವಲ್ಲ. ಮಿಡಿ, ದೋರೆಗಾಯಿ, ಹಣ್ಣು ಎಂದು ಮೂರು ಅವಸ್ಥೆಗಳಿರುವಂತೆ ಇಲ್ಲಿಯೂ ಮೂರು ಬಗೆಗಳುಂಟು. ಕಣಗಳೆಲ್ಲವೂ ಮಿಡಿಯಂತೆ ಎಳೆಯವಾಗಿಯೇ ಉಳಿದ ಗಡ್ಡೆಗೆ ನ್ಯೂರೋಬ್ಲಾಸ್ಟೋಮಾ ಎಂದು ಹೆಸರು. ಇದು ಬೇಗ ಬೆಳೆಯುವ, ಬೇರೆಡೆಗೆ ಹರಡಬಲ್ಲ ಕ್ಯಾನ್ಸರು. ಕಣಗಳು ಬಲಿತು ಹಣ್ಣಾದ ಗಡ್ಡೆಯು ಗ್ಯಾಂಗ್ಲಿಯೋನ್ಯೂರೋಮಾ. ಇದು ಮೆಲ್ಲನೆ ಬೆಳೆದು, ಇದ್ದೆಡೆಯಲ್ಲಿಯೇ ಇದ್ದು, ಸುತ್ತಲಿನ ಅಂಗಗಳನ್ನು ಒತ್ತುವುದೇ ಹೊರತು ಹರಡುವ ಸ್ವಭಾವದ್ದಲ್ಲ. ಎರಡೂ ಬೆರೆತಿರುವ ನಡುವಣದು ಗ್ಯಾಂಗ್ಲಿಯೋನ್ಯೂರೋಬ್ಲಾಸ್ಟೋಮಾ. ಬಾಸ್ಟನ್ ನಗರದ ಜೇಮ್ಸ್ ಹೋಮರ್ ರೈಟ್ ಎಂಬ ವೈದ್ಯನು 1910ರಲ್ಲಿ ಮೊದಲನೆಯದನ್ನು ನರದ ಎಳೆಯ ಕಣಗಳಿಂದಾದ ಗಡ್ಡೆಯೆಂದು ಸ್ಪಷ್ಟವಾಗಿ ಗುರುತಿಸಿ ಹೆಸರಿಟ್ಟನು. ಮಕ್ಕಳಲ್ಲಿ ಇದು ಮುಖ್ಯವಾದ ಕ್ಯಾನ್ಸರುಗಳಲ್ಲೊಂದಾಗಿದ್ದು, ಅದಕ್ಕೆ ತುತ್ತಾಗುವವರಲ್ಲಿ ಬಹುಮಂದಿ ಐದು ವರ್ಷದೊಳಗಿನವರು. ನಾಯಿಗಳಲ್ಲಿ ಇವು ಬಹು ವಿರಳ. ಪಶುವೈದ್ಯಕೀಯ ಪತ್ರಿಕೆಗಳಲ್ಲಿ ಇವುಗಳ ವರದಿಗಳು ಒಂದೊಂದಾಗಿಯೇ ಬರುವುವು. ಅಡ್ರಿನಲ್ ತಿರುಳಿನಲ್ಲಿಯೇ ಹುಟ್ಟುವ ಫಿಯೋಕ್ರೋಮೋಸೈಟೋಮಾ ಎಂಬ ಇನ್ನೊಂದು ಗಡ್ಡೆಯುಂಟು. ಅದು ಸಾಮಾನ್ಯವಾಗಿ ವಯಸ್ಸಾದ ನಾಯಿಗಳ ಪಾಲಿನದು.

ಹೊರಗೆ ಕಾಣುವ ಚಿಹ್ನೆಗಳು

ಈ ರೋಗಕ್ಕೆ ತನ್ನದೇ ಆದ ಗುರುತೆಂಬುದು ಹೊರಗೆ ಯಾವುದೂ ಇಲ್ಲ. ಗಡ್ಡೆಯು ಯಾವ ಅಂಗವನ್ನು ಒತ್ತುವುದೋ ಆ ಅಂಗದ ರೋಗದಂತೆ ಅದು ವೇಷ ಹಾಕುವುದು. ಜಠರವನ್ನೊತ್ತಿದರೆ ವಾಂತಿ, ದೊಡ್ಡ ಕರುಳಿನ ಗೋಡೆಯಲ್ಲಿದ್ದರೆ ತಿಣುಕುವುದು, ಭೇದಿ, ಮಲದಲ್ಲಿ ರಕ್ತ, ದೊಡ್ಡ ರಕ್ತನಾಳವನ್ನೊತ್ತಿದರೆ ಹೊಟ್ಟೆಯಲ್ಲಿ ನೀರು, ಬೆನ್ನೆಲುಬಿನ ಸಂದಿಯಿಂದ ಒಳಹೊಕ್ಕು ಬೆನ್ನುಹುರಿಯನ್ನೊತ್ತಿದರೆ ಹಿಂಗಾಲುಗಳ ನಿತ್ರಾಣ. ಗಡ್ಡೆಯೊಳಗೆ ರಕ್ತ ಒಸರಿದರೆ ಒಸಡುಗಳು ಬಿಳಿಚಿಕೊಂಡು ನಾಯಿಯು ಇದ್ದಕ್ಕಿದ್ದಂತೆ ಕುಸಿಯುವುದೂ ಉಂಟು. ಮುಧೋಳದ ಬೇಟೆನಾಯಿಯಂತಹ ಸಣ್ಣ ನಡುವಿನ ತಳಿಗಳಲ್ಲಿ ಉಬ್ಬು ಬೇಗ ಕಣ್ಣಿಗೆ ಬೀಳುವುದು. ಮೈತುಂಬ ಕೂದಲಿರುವ, ಮೈಗೂಡಿದ ನಾಯಿಗಳಲ್ಲಿ ತಡವಾಗಿ ಗೊತ್ತಾಗುವುದು.

ಇವೇ ಚಿಹ್ನೆಗಳನ್ನು ತೋರಿಸುವ, ಇದಕ್ಕಿಂತ ಎಷ್ಟೋ ಪಾಲು ಸಾಮಾನ್ಯವಾದ ಕಾರಣಗಳನ್ನು ಮೊದಲು ನೋಡಬೇಕು. ಜಂತುಹುಳುಗಳ ಮಾತನ್ನು ಆಗಲೇ ಹೇಳಿದೆವು. ಎಳೆಯ ನಾಯಿಗಳಲ್ಲಿ ಕರುಳಿನ ಒಂದು ಭಾಗವು ಇನ್ನೊಂದರೊಳಗೆ ತೂರಿಕೊಂಡು ಗಟ್ಟಿಯಾಗಿ ಕೈಗೆ ಸಿಕ್ಕುವುದುಂಟು. ಮಾವಿನ ಗೊರಟು, ಜೋಳದ ದಿಂಡು, ಬಟ್ಟೆಯ ಚೂರು ಮುಂತಾದುವನ್ನು ನುಂಗಿ ಕರುಳು ಕಟ್ಟುವುದುಂಟು. ನಮ್ಮ ಸೀಮೆಯಲ್ಲಿ ಉಣ್ಣೆಗಳ ಕಡಿತದಿಂದ ಬರುವ ಜ್ವರಗಳು ಹೇರಳ. ಅವುಗಳಲ್ಲಿ ಗುಲ್ಮವು ಊದಿಕೊಳ್ಳುವುದು. ಹೃದಯದ, ಯಕೃತ್ತಿನ ರೋಗಗಳಿಂದ ಹೊಟ್ಟೆಯಲ್ಲಿ ನೀರು ತುಂಬಬಹುದು. ಹೆಣ್ಣು ನಾಯಿಯಾದರೆ ಗರ್ಭವೋ, ಗರ್ಭಕೋಶದ ಕೀವೋ ಆಗಿರಬಹುದು. ಗಡ್ಡೆಗಳಲ್ಲಿಯೂ ಲಿಂಫೋಮಾ ಎಂಬುದು ನರದ ಗಡ್ಡೆಗಿಂತ ಬಹಳ ಹೆಚ್ಚು. ಮೂತ್ರಪಿಂಡದಲ್ಲಿ ಎಳೆಯ ಕಣಗಳಿಂದ ಹುಟ್ಟುವ ನೆಫ್ರೋಬ್ಲಾಸ್ಟೋಮಾ ಎಂಬುದೂ ಒಂದುಂಟು.

ಪರೀಕ್ಷೆಯ ಮೆಟ್ಟಿಲುಗಳು

ನುರಿತ ಪಶುವೈದ್ಯರು ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಹೋಗುವರು. ಮೊದಲನೆಯದು ಮನೆಯವರ ಹೇಳಿಕೆ ಮತ್ತು ವೈದ್ಯರ ಕೈ. ಎರಡನೆಯದು ಮಲ, ಮೂತ್ರ, ರಕ್ತಗಳ ಪರೀಕ್ಷೆ. ಇದರಿಂದ ಹುಳುಗಳು, ಉಣ್ಣೆಯ ಜ್ವರ, ರಕ್ತಹೀನತೆ, ಮೂತ್ರಪಿಂಡ ಯಕೃತ್ತುಗಳ ಸ್ಥಿತಿ, ಇವು ತಿಳಿಯುವುವು. ನರದ ಗಡ್ಡೆಯನ್ನು ಹೆಸರಿಟ್ಟು ಹೇಳುವ ರಕ್ತಪರೀಕ್ಷೆಯು ನಾಯಿಗಳಿಗೆ ಇಲ್ಲ. ಮಕ್ಕಳಲ್ಲಿ ಈ ಗಡ್ಡೆಯು ಸುರಿಸುವ ರಸಗಳ ಶೇಷವನ್ನು ಮೂತ್ರದಲ್ಲಿ ಅಳೆದು ರೋಗವನ್ನು ಊಹಿಸುವರು. ನಾಯಿಗಳಲ್ಲಿ ಅಂತಹ ಮೂತ್ರಪರೀಕ್ಷೆಯು ಮುಖ್ಯವಾಗಿ ಫಿಯೋಕ್ರೋಮೋಸೈಟೋಮಾಕ್ಕೆ ಬಳಕೆಯಲ್ಲಿದೆ.

ಮೂರನೆಯದು ಒಡಲಿನೊಳಗಣ ಚಿತ್ರ. ರೋಂಟ್ಗನ್ ಪಂಡಿತನು 1895ರಲ್ಲಿ ಕಂಡುಹಿಡಿದ ಕ್ಷ-ಕಿರಣವು ಹೊಟ್ಟೆಯಲ್ಲೊಂದು ದೊಡ್ಡ ನೆರಳನ್ನೂ, ಅದು ಕರುಳನ್ನು ಯಾವ ಕಡೆಗೆ ತಳ್ಳಿದೆಯೆಂಬುದನ್ನೂ ತೋರಿಸುವುದು. ಅಲ್ಟ್ರಾಸೌಂಡ್ ಯಂತ್ರವು ಇನ್ನೂ ಮುಂದೆ ಹೋಗಿ, ಆ ಗಡ್ಡೆಯು ಯಾರ ಮನೆಯದೆಂಬುದನ್ನು ಕೇಳುವುದು. ಗುಲ್ಮದ್ದೇ, ಯಕೃತ್ತಿನದೇ, ಕರುಳಿನದೇ, ಮೂತ್ರಪಿಂಡದ್ದೇ? ಇವೆಲ್ಲವೂ ಸರಿಯಾಗಿ ಕಂಡುಬಂದು, ಗಡ್ಡೆಯು ಮಾತ್ರ ಬೆನ್ನೆಲುಬಿಗೆ ಅಂಟಿಕೊಂಡಂತೆ ಹಿಂಭಾಗದಲ್ಲಿ ಮೂತ್ರಪಿಂಡದ ಬಳಿ ನಿಂತಿದ್ದರೆ, ನರದ ಗಡ್ಡೆಯ ಸಂಶಯವು ಮೊದಲ ಬಾರಿಗೆ ತಲೆಯೆತ್ತುವುದು. ಅನುಕೂಲವಿದ್ದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಗಡ್ಡೆಯು ದೊಡ್ಡ ರಕ್ತನಾಳಗಳನ್ನು ಸುತ್ತಿಕೊಂಡಿದೆಯೇ, ಬೆನ್ನೆಲುಬಿನೊಳಕ್ಕೆ ಬೆರಳು ಚಾಚಿದೆಯೇ, ಶಸ್ತ್ರಚಿಕಿತ್ಸೆಯಿಂದ ತೆಗೆಯಲು ಸಾಧ್ಯವೇ ಎಂಬುದು ಗೊತ್ತಾಗುವುದು.

ನಾಲ್ಕನೆಯದು ಸಣ್ಣ ಸೂಜಿಯಿಂದ ಕೆಲವು ಕಣಗಳನ್ನು ಹೀರಿ ಗಾಜಿನ ಮೇಲೆ ಹರಡಿ ನೋಡುವುದು. ಇಲ್ಲಿಯೇ ಮೋಸಹೋಗುವ ಸ್ಥಳವಿರುವುದು. ನ್ಯೂರೋಬ್ಲಾಸ್ಟೋಮಾದ ಕಣಗಳು ಸಣ್ಣವು, ದುಂಡಗಿನವು, ಬಣ್ಣ ಹಾಕಿದರೆ ನೀಲಿಯಾಗಿ ತೋರತಕ್ಕವು. ಲಿಂಫೋಮಾದ ಕಣಗಳೂ ಹಾಗೆಯೇ ದುಂಡಗೆ ನೀಲಿಯಾಗಿರುವುವು. ಸಾಸಿವೆಯ ರಾಶಿಯಲ್ಲಿ ರಾಗಿಯ ಕಾಳನ್ನು ಮಬ್ಬು ಬೆಳಕಿನಲ್ಲಿ ಆರಿಸುವಂತೆ, ಸೂಜಿಯ ಪರೀಕ್ಷೆಯೊಂದರಿಂದಲೇ ಇವೆರಡನ್ನು ಬೇರ್ಪಡಿಸುವುದು ಅನೇಕ ವೇಳೆ ಸಾಧ್ಯವಾಗದು. ಇನ್ನೊಂದು ಎಚ್ಚರಿಕೆಯೂ ಉಂಟು. ಗಡ್ಡೆಯು ಅಡ್ರಿನಲ್ ಗ್ರಂಥಿಯದೆಂದು ತೋರಿದರೆ ಸೂಜಿ ಹಾಕುವ ಮೊದಲು ರಕ್ತದೊತ್ತಡವನ್ನು ನೋಡಿಕೊಳ್ಳಬೇಕು. ಕೆಲವು ಗಡ್ಡೆಗಳು ಮುಟ್ಟಿದ ಮಾತ್ರಕ್ಕೆ ರಸವನ್ನು ಸುರಿಸಿ ಒತ್ತಡವನ್ನು ಹಠಾತ್ತಾಗಿ ಏರಿಸಬಲ್ಲವು.

ಸೂಕ್ಷ್ಮದರ್ಶಕದ ತೀರ್ಪು

ಕಡೆಯ ಮಾತನ್ನು ಹೇಳತಕ್ಕುದು ಬಯಾಪ್ಸಿ. ಎಂದರೆ ಗಡ್ಡೆಯ ಒಂದು ತುಂಡನ್ನಾಗಲಿ, ಸಾಧ್ಯವಾದರೆ ಇಡೀ ಗಡ್ಡೆಯನ್ನಾಗಲಿ ತೆಗೆದು ರೋಗಲಕ್ಷಣಶಾಸ್ತ್ರಜ್ಞರಿಗೆ ಕಳುಹಿಸುವುದು. ಆ ತುಂಡನ್ನು ಕೊಳೆಯದಂತೆ ಫಾರ್ಮಲಿನ್ ದ್ರವದಲ್ಲಿಡುವರು. ತುಂಡಿನ ಹತ್ತರಷ್ಟು ದ್ರವವಿರಬೇಕು. ಆಮೇಲೆ ಮೇಣದಲ್ಲಿ ಹುದುಗಿಸಿ, ಒಂದು ಮಿಲ್ಲಿಮೀಟರಿನ ಇನ್ನೂರರಲ್ಲೊಂದು ಪಾಲಿನಷ್ಟು ತೆಳುವಾಗಿ ಸೀಳಿ, ಎರಡು ಬಣ್ಣಗಳನ್ನು ಹಾಕುವರು. ಒಂದು ಹೆಮಟಾಕ್ಸಿಲಿನ್; ಮಧ್ಯ ಅಮೇರಿಕದ ಒಂದು ಮರದ ತಿರುಳಿನಿಂದ ಬಂದ ಇದು ಕಣದ ನಡುವಣ ಬೀಜವನ್ನು ನೀಲಿಯಾಗಿಸುವುದು. ಇನ್ನೊಂದಾದ ಇಯೋಸಿನ್ ಉಳಿದ ಭಾಗಕ್ಕೆ ಗುಲಾಬಿ ಬಣ್ಣವನ್ನು ಕೊಡುವುದು.

ಇಷ್ಟಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಲವು ನ್ಯೂರೋಬ್ಲಾಸ್ಟೋಮಾಗಳಲ್ಲಿ ನೀಲಿ ಕಣಗಳು ನವಿರಾದ ತಂತುಗಳನ್ನು ನಡುವಿಟ್ಟುಕೊಂಡು ಹೂವಿನ ದಳಗಳಂತೆ ಸುತ್ತಲೂ ಕುಳಿತಿರುವುದು ಕಾಣುವುದು. ಈ ಹೂಗಳಿಗೆ ಹೋಮರ್ ರೈಟನ ಹೆಸರೇ ಇಂದಿಗೂ ಸಲ್ಲುತ್ತಿದೆ. ಬಲಿತ ಗಡ್ಡೆಯಲ್ಲಾದರೋ ದೊಡ್ಡ ದೊಡ್ಡ ನರಕಣಗಳು ಅಲೆಯಲೆಯಾದ ತಂತುಗಳ ನಡುವೆ ಚದುರಿಕೊಂಡಿರುವುವು. ಹೂಗಳೂ ಇಲ್ಲದೆ, ದೊಡ್ಡ ಕಣಗಳೂ ಇಲ್ಲದೆ, ಬರಿಯ ನೀಲಿ ಕಣಗಳ ಹಾಸೇ ಇದ್ದರೆ ಮತ್ತೊಂದು ಉಪಾಯವನ್ನು ಹೂಡಬೇಕಾಗುವುದು. ಒಂದು ಬೀಗಕ್ಕೆ ಒಂದೇ ಕೀಲಿಕೈ ಹೊಂದುವಂತೆ, ಒಂದು ಗೊತ್ತಾದ ವಸ್ತುವಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳೆಂಬುವು ರಕ್ತದಲ್ಲಿ ಉಂಟಷ್ಟೆ. ಕೇಂಬ್ರಿಡ್ಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಎಂಬವರು 1975ರಲ್ಲಿ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಕ್ರಮವನ್ನು ಪ್ರಕಟಿಸಿದರು. ಅಂತಹವಕ್ಕೆ ಬಣ್ಣವನ್ನು ಕಟ್ಟಿ ಸೀಳಿನ ಮೇಲೆ ಹರಿಸಿದರೆ, ನರದ ಜಾತಿಯ ಕಣಗಳಲ್ಲಿರುವ ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್ ಎಂಬ ವಸ್ತುಗಳಿದ್ದೆಡೆಯಲ್ಲಿ ಬಣ್ಣವು ನಿಲ್ಲುವುದು. ಲಿಂಫೋಮಾಕ್ಕೆ ಬೇರೆ ಕೀಲಿಕೈಗಳುಂಟು. ಒಂದೇ ಕೀಲಿಯನ್ನು ನಂಬದೆ ನಾಲ್ಕಾರನ್ನು ಒಟ್ಟಿಗೆ ಹಾಕಿ ನೋಡಿ, ಯಾವುದು ತೆರೆಯಿತು, ಯಾವುದು ತೆರೆಯಲಿಲ್ಲ ಎಂಬುದೆರಡನ್ನೂ ತೂಗಿ ತೀರ್ಪು ಕೊಡುವರು. ಒಂದೇ ಗಡ್ಡೆಯ ಒಂದು ಮೂಲೆಯು ಬಲಿತು ಇನ್ನೊಂದು ಮೂಲೆಯು ಎಳೆಯದಾಗಿರಬಹುದಾದುದರಿಂದ, ಹಲವು ಕಡೆಗಳಿಂದ ಸೀಳುಗಳನ್ನು ತೆಗೆದು ನೋಡುವುದು ಅವಶ್ಯ.

ಹೆಸರಿನಿಂದಾಗುವ ಪ್ರಯೋಜನ

ಹೆಸರು ಯಾವುದಾದರೇನು, ಗಡ್ಡೆ ಗಡ್ಡೆಯೇ ಅಲ್ಲವೇ ಎಂದು ನೊಂದ ಮನೆಯವರು ಹೇಳುವುದು ಸಹಜ. ಆದರೆ ಮುಂದಿನ ದಾರಿಯೆಲ್ಲವೂ ಆ ಹೆಸರಿನ ಮೇಲೆಯೇ ನಿಂತಿರುವುದು. ಬಲಿತ ಗಡ್ಡೆಯಾದರೆ, ಅದನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾದಲ್ಲಿ, ಆ ನಾಯಿಯು ಗುಣ ಹೊಂದಿ ಉಳಿದ ಆಯುಸ್ಸನ್ನು ಸುಖವಾಗಿ ಕಳೆಯುವ ನಿರೀಕ್ಷೆಯುಂಟು. ಲಿಂಫೋಮಾ ಆದರೆ ಕತ್ತಿಗಿಂತ ಔಷಧಗಳದೇ ಮುಖ್ಯ ಪಾತ್ರ. ಅನೇಕ ನಾಯಿಗಳು ಅದರಿಂದ ತಿಂಗಳುಗಟ್ಟಲೆ, ಕೆಲವು ವರ್ಷಕ್ಕೂ ಮೇಲೆ, ಚೆನ್ನಾಗಿ ಬಾಳುವುವು. ಮೂತ್ರಪಿಂಡದ ಗಡ್ಡೆಯಾದರೆ ಆ ಒಂದು ಮೂತ್ರಪಿಂಡವನ್ನೇ ತೆಗೆಯುವುದು ಚಿಕಿತ್ಸೆ. ನ್ಯೂರೋಬ್ಲಾಸ್ಟೋಮಾ ಆಗಿ ಹರಡಿಹೋಗಿದ್ದರೆ, ನಾಯಿಗಳಿಗೆ ಅದಕ್ಕೊಂದು ನೆಚ್ಚಬಹುದಾದ ಔಷಧಕ್ರಮವು ಇನ್ನೂ ರೂಢಿಗೆ ಬಂದಿಲ್ಲ. ಆಗ ನೋವಿಲ್ಲದಂತೆ ನೋಡಿಕೊಳ್ಳುವುದೇ ಧರ್ಮ. ಹೊರಗಿನಿಂದ ಒಂದೇ ಬಗೆಯಾಗಿ ಉಬ್ಬಿದ ನಾಲ್ಕು ಹೊಟ್ಟೆಗಳಿಗೆ ಹೀಗೆ ನಾಲ್ಕು ಬೇರೆ ಬೇರೆ ಗತಿಗಳು. ಹೆಸರನ್ನು ತಿಳಿಯದೆ, ‘ಕ್ಯಾನ್ಸರಂತೆ, ಇನ್ನೇನೂ ಇಲ್ಲ’ ಎಂಬ ಊಹೆಯೊಂದರ ಮೇಲೆ ಪ್ರಾಣಿಯನ್ನು ಚುಚ್ಚಿ ಮಲಗಿಸಿಬಿಡುವುದು, ಗುಣವಾಗಬಹುದಾಗಿದ್ದ ಜೀವವನ್ನು ಕಳೆದಂತೆ ಆದೀತು. ಹೆಸರನ್ನು ತಿಳಿಯದೆ ತಿಂಗಳುಗಳ ಕಾಲ ಕಾಯುವುದು, ತೆಗೆಯಬಹುದಾಗಿದ್ದ ಗಡ್ಡೆಯನ್ನು ತೆಗೆಯಲಾಗದಂತೆ ಮಾಡೀತು.

ಇದೆಲ್ಲಕ್ಕೂ ಹಣವು ಬೇಕೆಂಬುದನ್ನು ನಾವು ಬಲ್ಲೆವು. ಎಲ್ಲ ಮನೆಗಳಿಗೂ ಎಲ್ಲ ಪರೀಕ್ಷೆಗಳು ನಿಲುಕವು. ನಿಲುಕದಿದ್ದರೆ ಅದು ಪ್ರೀತಿಯ ಕೊರತೆಯಲ್ಲ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ವೈದ್ಯರನ್ನು ಎರಡು ಪ್ರಶ್ನೆಗಳನ್ನು ಕೇಳುವುದು ಲೇಸು. ಈ ಪರೀಕ್ಷೆಯಿಂದ ಯಾವ ಸಂಶಯವು ಕಳೆಯುವುದು? ಉತ್ತರವು ಏನೇ ಬಂದರೂ ನಾವು ಮುಂದೆ ಮಾಡತಕ್ಕ ಕೆಲಸವು ಅದರಿಂದ ಬದಲಾಗುವುದೇ? ಬದಲಾಗುವಂತಿದ್ದರೆ ಆ ಪರೀಕ್ಷೆಗೆ ಮೊದಲು ಹಣವನ್ನು ಒದಗಿಸಬೇಕು. ಬದಲಾಗದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಮನೆಯವರು ಮಾಡತಕ್ಕದ್ದು

ರೋಗವನ್ನು ಹೆಸರಿಸುವುದು ವೈದ್ಯರ ಕೆಲಸವಾದರೂ ಅದಕ್ಕೆ ಬೇಕಾದ ಸಾಕ್ಷ್ಯದ ಮೊದಲರ್ಧವು ಮನೆಯವರ ಕೈಯಲ್ಲಿಯೇ ಇರುವುದು. ವಾರಕ್ಕೊಮ್ಮೆ ಮರಿಯನ್ನು ತೂಗಿ, ಕಡೆಯ ಪಕ್ಕೆಲುಬಿನ ಹಿಂದೆ ಹೊಟ್ಟೆಯ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಅಳೆದು, ದಿನಾಂಕದೊಡನೆ ಬರೆದಿಡಬೇಕು. ತೂಕವು ಇಳಿಯುತ್ತಿರುವಾಗ ಸುತ್ತಳತೆಯು ಏರುತ್ತಿದ್ದರೆ ಮರುದಿನಕ್ಕೆ ತಳ್ಳದೆ ವೈದ್ಯರಲ್ಲಿಗೆ ಹೋಗಬೇಕು. ಗಡ್ಡೆಯಿದೆಯೋ ಎಂದು ಮನೆಯಲ್ಲಿ ಪದೇಪದೇ ಹೊಟ್ಟೆಯನ್ನು ಹಿಸುಕಬಾರದು. ಒಳಗೆ ಒಡೆದು ರಕ್ತ ಸುರಿದೀತು. ಮನುಷ್ಯರು ನುಂಗುವ ನೋವಿನ ಮಾತ್ರೆಗಳನ್ನು ಕೊಡಲೇಬಾರದು. ಐಬುಪ್ರೊಫೆನ್ ಮುಂತಾದುವು ನಾಯಿಯ ಜಠರವನ್ನು ಹುಣ್ಣಾಗಿಸಿ ಮೂತ್ರಪಿಂಡಗಳನ್ನು ಕೆಡಿಸುವುವು. ಎಲ್ಲಕ್ಕಿಂತ ಮುಖ್ಯವಾಗಿ, ಕಣಗಳನ್ನು ಪರೀಕ್ಷೆಗೆ ತೆಗೆಯುವ ಮೊದಲು ಪ್ರೆಡ್ನಿಸೊಲೋನ್ ಮುಂತಾದ ಸ್ಟಿರಾಯ್ಡ್ ಮಾತ್ರೆಗಳನ್ನು ತಾವಾಗಿ ಕೊಡಬಾರದು. ಅವುಗಳಿಂದ ನಾಯಿಯು ನಾಲ್ಕು ದಿನ ಲವಲವಿಕೆಯಾಗಿ ಕಂಡೀತು. ಲಿಂಫೋಮಾ ಇದ್ದಲ್ಲಿ ಗಡ್ಡೆಯು ತಾತ್ಕಾಲಿಕವಾಗಿ ಕುಗ್ಗಿ, ಸೂಕ್ಷ್ಮದರ್ಶಕದ ಕಣ್ಣಿಗೆ ಮಣ್ಣೆರಚೀತು.

ಶಸ್ತ್ರಚಿಕಿತ್ಸೆಯಾದಾಗ ತೆಗೆದ ಗಡ್ಡೆಯನ್ನು ಎಸೆಯದೆ ಪರೀಕ್ಷೆಗೆ ಕಳುಹಿಸಬೇಕೆಂದು ಮೊದಲೇ ಹೇಳಿಟ್ಟಿರಬೇಕು. ನಮ್ಮ ನಾಡಿನಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ, ಹಾಸನ, ಶಿವಮೊಗ್ಗ ಮೊದಲಾದೆಡೆಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ. ಊರಿನ ವೈದ್ಯರಿಗೆ ಸಂದೇಹವುಳಿದ ರೋಗಿಯನ್ನು ಅಂತಹ ಕಡೆಗೆ ಕರೆದೊಯ್ಯಬಹುದು. ಎಷ್ಟು ಪ್ರಯತ್ನಿಸಿದರೂ ಪ್ರಾಣಿಯು ಉಳಿಯದೆ ಹೋದರೆ, ಮನಸ್ಸಿಗೆ ಕಠಿಣವೆನಿಸಿದರೂ, ಶವಪರೀಕ್ಷೆಗೆ ಒಪ್ಪಿಗೆ ಕೊಡುವುದು ಒಳ್ಳೆಯದು. ಈ ರೋಗವನ್ನು ಕುರಿತು ಪಶುವೈದ್ಯರಿಗೆ ಇಂದು ತಿಳಿದಿರುವುದರಲ್ಲಿ ಬಹುಭಾಗವು ಹಾಗೆ ಒಪ್ಪಿಗೆಯಿತ್ತ ಮನೆಗಳಿಂದಲೇ ಬಂದುದು. ಮುಂದೆ ಇನ್ನಾವುದೋ ಮನೆಯ ಮರಿಯ ಹೊಟ್ಟೆಯು ಉಬ್ಬಿದಾಗ, ಅದರ ವೈದ್ಯರು ಹುಳುವಿನ ಔಷಧದಲ್ಲಿಯೇ ನಿಲ್ಲದೆ ಇನ್ನೊಂದು ಮೆಟ್ಟಿಲನ್ನೇರಿ ನೋಡುವುದಕ್ಕೆ ಆ ಅರಿವೇ ಕಾರಣವಾಗುವುದು.